ಯಾರ ಗದ್ದೆಯ ತೆನೆ?

ಸಾನಪಾಡಾದ ನಮ್ಮ ಫ್ಲ್ಯಾಟ್‌ನಲ್ಲಿ ತೆನೆ ಹಬ್ಬ ಯಾವಾಗಲೂ ತಡ. ಮಂಗಳೂರು ಕಡೆ ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ ಮುಗಿದಿರುತ್ತದೆ. ಇಗರ್ಜಿಯಲ್ಲಿ ಆಶೀರ್ವದಿಸಿದ ನಾಲ್ಕೈದು ಭತ್ತದ ತೆನೆಗಳನ್ನು ಅಮ್ಮ ಕೊರಿಯರ್ ಮಾಡುತ್ತಾರೆ. ಅವು ಬಂದ ದಿನವೇ ನಮಗೆ ಹಬ್ಬ. ಕಾಳು ಸುಲಿದು ಪಾಯಸಕ್ಕೆ ಹಾಕಿ, ಎಲ್ಲರಿಗೂ ಹಂಚಿ, ಆಮೇಲೆ ಊಟ. ತುಳುವರ ಹೊಸ ಅಕ್ಕಿ ಊಟಕ್ಕೂ ಇದಕ್ಕೂ ದೂರವೇನಿಲ್ಲ.

ಈ ಸಲ ಫೋನಿನಲ್ಲಿ ಅಮ್ಮ ಕೇಳಿದರು: "ನಮ್ಮ ಗದ್ದೆ ಹಡಿಲು ಬಿದ್ದಿದೆ. ಯಾರದೋ ಬೆಳೆಗೆ ನಾವು ದೇವರಿಗೆ ಉಪಕಾರ ಹೇಳುವುದು ಹೇಗೆ ಮಗಾ?"

ಪಪ್ಪ ಹೋದ ಮೇಲೆ ಗದ್ದೆ ನೋಡಬೇಕಾದವನು ನಾನು. ನಾನಿರುವುದು ಇಲ್ಲಿ. ಮಾತು ಹೊರಡಲಿಲ್ಲ.

ಆಗ ನೆನಪಾದದ್ದು 'ದಿದಖೆ', ಅಂದರೆ ಬೋಧನೆ. ಹದಿನಾರು ಪುಟ್ಟ ಅಧ್ಯಾಯಗಳ ಈ ಗ್ರೀಕ್ ಕೃತಿ ಕ್ರಿ.ಶ. 1ನೇ ಶತಮಾನದ ಕೊನೆಯದು ಅಥವಾ 2ನೆಯದರ ಆರಂಭದ್ದು ಎಂದು ಹೆಚ್ಚಿನ ವಿದ್ವಾಂಸರ ಅಂದಾಜು. ಅದರ 1056ರ ಪ್ರತಿಯೊಂದು 1873ರಲ್ಲಿ ಇಸ್ತಾಂಬುಲ್‌ನಲ್ಲಿ ಗ್ರೀಕ್ ಧರ್ಮಗುರು ಫಿಲೊಥಿಯೋಸ್ ಬ್ರಿಯೆನ್ನಿಯೋಸ್ ಕಣ್ಣಿಗೆ ಬಿತ್ತು. ಹತ್ತು ವರ್ಷದ ಬಳಿಕ ಅಚ್ಚಾಯಿತು.

ಅದರ 9 ಮತ್ತು 10ನೇ ಅಧ್ಯಾಯಗಳು ಊಟದ ಕೃತಜ್ಞತಾ ಪ್ರಾರ್ಥನೆಗಳು. ಪರಮಪ್ರಸಾದಕ್ಕಿರುವ 'ಯೂಕರಿಸ್ತಿಯಾ' ಎಂಬ ಹೆಸರಿನ ಅರ್ಥವೂ ಕೃತಜ್ಞತೆಯೇ. ಅಚ್ಚರಿಯೆಂದರೆ ಇಲ್ಲಿ ಶಿಲುಬೆಯ ಮಾತಿಲ್ಲ, ರಕ್ತದ ಮಾತಿಲ್ಲ. ಇರುವುದು ದಾವೀದನ ದ್ರಾಕ್ಷಿಬಳ್ಳಿ, ಗುಡ್ಡಗಳ ಮೇಲೆ ಚದುರಿದ್ದು ಕೂಡಿಬಂದು ಒಂದೇ ಆದ ರೊಟ್ಟಿ. ದೇವರು ತಂದೆ, ಒಡೆಯ. ಅವನ ಹೆಸರು ಮನುಷ್ಯರ ಎದೆಯೊಳಗೆ ಬಿಡಾರ ಹೂಡಿದೆ. ಮೂಲದ ಆ ಕ್ರಿಯಾಪದದಲ್ಲಿ ಗುಡಾರದ ನೆನಪಿದೆ. ಬಾಡಿಗೆ ಮನೆ ಬದಲಿಸುತ್ತಲೇ ಬಂದ ನನಗೆ ಗುಡಿಗಿಂತ ಈ ಗುಡಾರ ಹತ್ತಿರ.

ಅಮ್ಮನ ಪ್ರಶ್ನೆಗೆ ತಾಗುವ ಮಾತೂ ಅಲ್ಲಿದೆ. ಪ್ರಾರ್ಥಿಸುವವರು ತಮ್ಮ ಹೊಲದ ಫಸಲನ್ನಷ್ಟೇ ನೆನೆಯುವುದಿಲ್ಲ; ಎಲ್ಲ ಮನುಷ್ಯರಿಗೂ ಕೊಟ್ಟ ಅನ್ನಪಾನಕ್ಕೆ ಉಪಕಾರ ಹೇಳುತ್ತಾರೆ. ಪಕ್ಕದ ವಾಶಿಯ ಧಾನ್ಯ ಮಾರುಕಟ್ಟೆಯಿಂದ ನಾವು ತರುವ ಅಕ್ಕಿ ಯಾರ ಗದ್ದೆಯದೆಂದು ಒಮ್ಮೆಯೂ ಕೇಳಿದವನಲ್ಲ ನಾನು.

ಮರುದಿನ ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಕೇಳಿಸಿಕೊಂಡು, "ಗುಡ್ಡದ ಮೇಲಾದರೆ ಅದು ಬೆಟ್ಟು ಗದ್ದೆ, ನಮ್ಮದರ ಹಾಗೆ" ಅಂದರು. ಸ್ವಲ್ಪ ತಡೆದು, "ಆಚೆ ಮನೆಯವರು ಬರುವ ವರ್ಷ ಬೇಸಾಯಕ್ಕೆ ಗದ್ದೆ ಕೇಳಿದ್ದಾರೆ. ಕೊಡಲಾ?"

ಕೊಡಿ ಅಂದೆ.