ಹೊರನಾಡಿನ ಪೆನ್ಷನ್‌ದಾರರೂ ಔಷಧದ ಖರ್ಚೂ

ಕನ್ನಡ ನಾಡಿನಿಂದ ಬಂದು ಹೈದರಾಬಾದಿನಲ್ಲಿ ದುಡಿದು ಇಲ್ಲಿಯೇ ನಿವೃತ್ತರಾದ ಹಿರಿಯರು ಕಾಚಿಗುಡ, ಬರ್ಕತ್‌ಪುರದ ಕಡೆ ಸಂಜೆ ನಾಲ್ವರು ಕೂಡಿದರೆ ಮೊದಲು ಮೊಮ್ಮಕ್ಕಳ ಮಾತು, ಆಮೇಲೆ ಮಾತ್ರೆಗಳ ಮಾತು. ರಕ್ತದ ಒತ್ತಡಕ್ಕೊಂದು, ಸಕ್ಕರೆ ಕಾಯಿಲೆಗೆರಡು, ಮಂಡಿನೋವಿಗೊಂದು. ಕಾಯಿಲೆಗೆ ವರಮಾನದ ಭೇದವಿಲ್ಲ. ಔಷಧದ ಖರ್ಚಿಗೆ ಉಂಟೇ? ಕಡತ ತಿರುವುವುದೇ ನಮ್ಮ ಕಸುಬಾದ್ದರಿಂದ ಈ ಲೆಕ್ಕವನ್ನೊಮ್ಮೆ ಹಾಕಿ ನೋಡಿದೆವು.

ಕೇಂದ್ರ ಸರ್ಕಾರದ ಆರೋಗ್ಯ ಯೋಜನೆ, ಅಂದರೆ ಸಿ.ಜಿ.ಎಚ್.ಎಸ್., ೧೯೫೪ರಲ್ಲಿ ದೆಹಲಿಯಲ್ಲಿ ಆರಂಭವಾಗಿ ಮುಂದೆ ಹೈದರಾಬಾದಿಗೂ ಬಂದಿತು. ಅದರ ಕಾರ್ಡು ಇದ್ದವರು ದವಾಖಾನೆಯಲ್ಲಿ ಚೀಟಿಗೆ ಇಷ್ಟೆಂದು ಹಣ ಕೊಡಬೇಕಾಗಿಲ್ಲ. ಜವಾನನಿಗೂ ನಿರ್ದೇಶಕರಿಗೂ ಒಂದೇ ಮಾತ್ರೆ. ಭೇದವಿರುವುದು ವಂತಿಗೆಯಲ್ಲಿ. ೨೦೧೭ರ ಫೆಬ್ರವರಿಯಲ್ಲಿ ಬಂದ ದರದಂತೆ ಕೆಳಗಿನ ಐದು ಹಂತದವರಿಗೆ ತಿಂಗಳಿಗೆ ೨೫೦ ರೂಪಾಯಿ, ಆರನೆಯ ಹಂತಕ್ಕೆ ೪೫೦, ಏಳರಿಂದ ಹನ್ನೊಂದಕ್ಕೆ ೬೫೦, ಅದರ ಮೇಲಿನವರಿಗೆಲ್ಲ ೧,೦೦೦. ಹತ್ತು ವರ್ಷದ್ದನ್ನು ಒಟ್ಟಿಗೆ ಕಟ್ಟಿದರೆ ಕಾರ್ಡು ಆಜೀವ.

ನೋಡುವುದಕ್ಕೆ ಇದು ಉಳ್ಳವರಿಂದ ಹೆಚ್ಚು, ಇಲ್ಲದವರಿಂದ ಕಡಿಮೆ ಎಂಬ ನ್ಯಾಯವೇ. ಆದರೆ ಪೆನ್ಷನ್ನಿನ ಪಕ್ಕದಲ್ಲಿಟ್ಟು ನೋಡಿರಿ. ತುಟ್ಟಿಭತ್ಯ ಬಿಟ್ಟರೆ ೨೦೧೬ರ ವೇತನ ಪಟ್ಟಿಯಂತೆ ಕನಿಷ್ಠ ಪೆನ್ಷನ್ ೯,೦೦೦ ರೂಪಾಯಿ. ಅದರಲ್ಲಿ ೨೫೦ ಎಂದರೆ ನೂರಕ್ಕೆ ಎರಡೂಮುಕ್ಕಾಲು. ಹದಿನಾಲ್ಕನೆಯ ಹಂತದಲ್ಲಿ ನಿವೃತ್ತರಾದ ಅಧಿಕಾರಿಯ ಪೆನ್ಷನ್ ೭೨,೧೦೦ಕ್ಕೆ ಕಡಿಮೆಯಿಲ್ಲ. ಅವರ ಸಾವಿರ ನೂರಕ್ಕೆ ಒಂದೂವರೆಯೂ ಆಗುವುದಿಲ್ಲ! ಒಟ್ಟಿಗೆ ಕಟ್ಟುವ ೩೦,೦೦೦ ರೂಪಾಯಿ ಜವಾನನ ಮೂರು ತಿಂಗಳ ಮೂಲ ಪೆನ್ಷನ್ನಿಗೂ ಮೀರಿದ್ದು. ಹಾಗೆಂದು ಕಾರ್ಡು ಬೇಡವೆನ್ನುವವರು ಅವಿವೇಕಿಗಳು. ಸಕ್ಕರೆ ಕಾಯಿಲೆಯವರು ತಿಂಗಳಿಗೆ ಕೊಳ್ಳುವ ಔಷಧಕ್ಕೇ ೨೫೦ ಸಾಲದು.

ಇನ್ನೊಂದು ತೊಡಕು ಹೊರನಾಡಿನವರಿಗೇ ವಿಶೇಷವಾದುದು. ಮಕ್ಕಳು ದೂರವಾದ ಮೇಲೆ ಊರಿನ ಮನೆಗೆ ಹೋಗಿಬಿಡೋಣ ಎನ್ನುವ ಆಸೆ ಯಾರಿಗಿಲ್ಲ? ಬೆಂಗಳೂರಿಗೆ ಹೋದವರಿಗೆ ಅಲ್ಲಿಯೂ ದವಾಖಾನೆಗಳುಂಟು. ಈ ಯೋಜನೆ ಇಲ್ಲದ ಊರಿನಲ್ಲಿ ನೆಲೆಸಿದವರು ದವಾಖಾನೆಯ ಔಷಧಕ್ಕೆ ಬದಲಾಗಿ ತಿಂಗಳಿಗೆ ೧,೦೦೦ ರೂಪಾಯಿ ನಿಶ್ಚಿತ ವೈದ್ಯಭತ್ಯ ಪಡೆಯಬಹುದು. ೨೦೧೭ರ ಜುಲೈಗೆ ಮೊದಲು ಅದು ೫೦೦ ಇತ್ತು. ಇಲ್ಲಿ ಹಂತದ ಮಾತಿಲ್ಲ, ಎಲ್ಲರಿಗೂ ಒಂದೇ. ಗಂಡ ಹೆಂಡತಿ ಇಬ್ಬರಿಗೂ ಇನ್ಸುಲಿನ್ ಬೇಕಾದ ಮನೆಗೆ ಸಾವಿರ ಏನೇನೂ ಸಾಲದು. ಗಂಡ ಹೋದ ಮೇಲೆ ಹೆಂಡತಿಗೆ ಬರುವ ಕುಟುಂಬ ಪೆನ್ಷನ್ ಸಾಮಾನ್ಯವಾಗಿ ಕೊನೆಯ ಸಂಬಳದ ನೂರಕ್ಕೆ ಮೂವತ್ತು. ಆಕೆಯ ಮಾತ್ರೆಗಳೇನೂ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಸಾಮಾನು ಕಟ್ಟುವ ಮುನ್ನ ಆರು ತಿಂಗಳ ಚೀಟಿಗಳನ್ನು ಕೂಡಿಸಿ ನೋಡಿರೆಂದು ಹಿರಿಯರಲ್ಲಿ ನಮ್ಮ ವಿನಂತಿ.

ಖಾಸಗಿ ಕೆಲಸದಲ್ಲಿದ್ದವರ ಪಾಡು ಬೇರೆ. ಭವಿಷ್ಯನಿಧಿಯ ಕನಿಷ್ಠ ಪೆನ್ಷನ್ ೨೦೧೪ರಲ್ಲಿ ೧,೦೦೦ ರೂಪಾಯಿ ಎಂದಾಯಿತು. ಅದರೊಡನೆ ದವಾಖಾನೆಯಿಲ್ಲ. ಇ.ಎಸ್.ಐ. ವಿಮೆಯಲ್ಲಿ ಐದು ವರ್ಷವಾದರೂ ಇದ್ದು ವಯಸ್ಸಾಗಿ ನಿವೃತ್ತರಾದವರು ವರ್ಷಕ್ಕೆ ೧೨೦ ರೂಪಾಯಿ ಕಟ್ಟಿ ಪತಿಪತ್ನಿಯರಿಗೆ ಚಿಕಿತ್ಸೆ ಪಡೆಯಬಹುದೆಂಬುದು ಎಷ್ಟೋ ಮಂದಿಗೆ ತಿಳಿಯದು. ಎಪ್ಪತ್ತು ದಾಟಿದವರಿಗೆ ವರಮಾನ ಕೇಳದೆ ಕೊಡುವ ಐದು ಲಕ್ಷದ ಆಯುಷ್ಮಾನ್ ಕಾರ್ಡು ೨೦೨೪ರ ಅಕ್ಟೋಬರಿನಲ್ಲಿ ಬಂದಿತು. ಅದು ಆಸ್ಪತ್ರೆ ಸೇರಿದಾಗಿನ ಮಾತು, ದಿನನಿತ್ಯದ ಮಾತ್ರೆಗಲ್ಲ. ಆ ಮಾತ್ರೆಗೆ ಜನೌಷಧಿ ಅಂಗಡಿಯೇ ಗತಿ. ಅಲ್ಲಿ ಹೆಸರಿಲ್ಲದ ಔಷಧ ಅರ್ಧ ಬೆಲೆಗೋ ಅದಕ್ಕೂ ಕಡಿಮೆಗೋ ಸಿಗುವುದುಂಟು. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ವಿಮೆಯಿಲ್ಲದ ಹಿರಿಯರಿಗೆ ೫೦,೦೦೦ದವರೆಗಿನ ವೈದ್ಯಖರ್ಚಿಗೆ ವಿನಾಯಿತಿ ಉಂಟು. ತೆರಿಗೆ ಕಟ್ಟುವಷ್ಟು ವರಮಾನವೇ ಇಲ್ಲದವನಿಗೆ ಅದರಿಂದೇನು?

ಅಮೆರಿಕದಲ್ಲಿ ಕ್ರಮವೇ ಬೇರೆ. ಅಲ್ಲಿನ ಮೆಡಿಕೇರ್ ಔಷಧ ವಿಮೆಗೆ ವರಮಾನ ಹೆಚ್ಚಿದಂತೆ ಕಂತೂ ಏರುತ್ತದೆ. ೨೦೨೫ರಲ್ಲಿ ಒಬ್ಬಂಟಿಗರಿಗೆ ಆ ಗಡಿ ೧,೦೬,೦೦೦ ಡಾಲರ್, ಅದೂ ಎರಡು ವರ್ಷ ಹಿಂದಿನ ತೆರಿಗೆ ಲೆಕ್ಕದಂತೆ. ಆ ದೇಶ ಬಿಟ್ಟು ಬಂದು ಇಲ್ಲಿ ನೆಲೆಸಿದವರು ಇಲ್ಲಿ ಕೊಂಡ ಔಷಧಕ್ಕೆ ಆ ವಿಮೆ ನಯಾಪೈಸೆ ಕೊಡುವುದಿಲ್ಲ. ಮಗನನ್ನು ನೋಡಲು ಹೋಗುವ ನಮ್ಮ ಅಮ್ಮಂದಿರೂ ಅಪ್ಪಂದಿರೂ ಉಪ್ಪಿನಕಾಯಿಯ ಜಾಡಿಗಿಂತ ಮೊದಲು ಔಷಧವನ್ನು ಪೆಟ್ಟಿಗೆಯಲ್ಲಿಡಲಿ. ಸಿ.ಜಿ.ಎಚ್.ಎಸ್. ಕಾರ್ಡಿನವರು ಪ್ರಯಾಣದ ಟಿಕೆಟ್ಟು, ವೀಸಾ ತೋರಿಸಿ ವೈದ್ಯರ ಚೀಟಿಯಂತೆ ಆರು ತಿಂಗಳವರೆಗಿನದನ್ನು ಒಟ್ಟಿಗೆ ಕೇಳಿ ಪಡೆಯಬಹುದು.