ದೆವ್ವಕ್ಕೆ ಎಷ್ಟು ಬೆಳಕು ಬಿಡಬೇಕು?

75 ವ್ಯಾಟ್. ನಾನು ಓದಿದ ಅತ್ಯಂತ ಭಯಾನಕ ಕಥೆಗಳಲ್ಲೊಂದರಿಂದ ಇವತ್ತಿಗೂ ತಲೆಯಲ್ಲಿ ಉಳಿದಿರೋದು ಈ ಸಂಖ್ಯೆ.

ಒಂದು ಕಾಲೇಜು ಕ್ಯಾಂಪಸ್. ಅಲ್ಲಿ ಪೊರಕೆ, ಬಕೆಟ್ಟು ಇಡುವ ಕೋಣೆಯ ಬಾಗಿಲಿನಂತೆ ಕಾಣುವ ಒಂದು ಉಕ್ಕಿನ ಬಾಗಿಲು. ಅದರ ಹಿಂದೆ ಕೆಳಗಿಳಿಯುವ ಮೆಟ್ಟಿಲು. 13 ಮೆಟ್ಟಿಲು, ಒಂದು ಲ್ಯಾಂಡಿಂಗ್, ಮತ್ತೆ ಮೆಟ್ಟಿಲು, ಮತ್ತೆ ಲ್ಯಾಂಡಿಂಗ್. 75 ವ್ಯಾಟಿಗಿಂತ ಎಷ್ಟೇ ದೊಡ್ಡ ದೀಪ ತಂದರೂ ಹೆಚ್ಚಿನ ಬೆಳಕನ್ನು ಆ ಕತ್ತಲು ನುಂಗಿಬಿಡುತ್ತೆ. ಕೆಳಗಿನಿಂದ ಮಗುವೊಂದು ಅಳುತ್ತಾ ಸಹಾಯ ಕೇಳ್ತಿದೆ. ಎಷ್ಟು ಇಳಿದರೂ ಅಳು ಹತ್ತಿರ ಬರಲ್ಲ. ನಾಲ್ಕನೇ ಸಲ ಇಳಿದು ನೋಡಿದ ಮೇಲೆ ಯಾರೂ ಒಳಗೆ ಹೋಗಕೂಡದು ಅಂತ ಆದೇಶವಾಗುತ್ತೆ. ಆಮೇಲೆ ಎರಡು ವಾರ, ಒಳಗಿನಿಂದ ಯಾರೋ ಬಾಗಿಲು ತಟ್ಟುವ ಸದ್ದು ಕೇಳ್ತಿದೆ ಅಂತ ಸಿಬ್ಬಂದಿ, ವಿದ್ಯಾರ್ಥಿಗಳೆಲ್ಲ ದೂರು ಕೊಡ್ತಾರೆ. ಬಾಗಿಲಿಗೆ 6 ಸೆಂಟಿಮೀಟರ್ ದಪ್ಪದ ಪ್ಯಾಡಿಂಗ್ ಹೊದಿಸ್ತಾರೆ. ದೂರು ನಿಲ್ಲುತ್ತೆ.

ಗಮನಿಸಿ, ನಿಂತಿದ್ದು ದೂರು. ತಟ್ಟುವುದು ನಿಂತಿತು ಅಂತ ಕಥೆ ಎಲ್ಲೂ ಹೇಳಲ್ಲ.

ಇದು ಎಸ್‌ಸಿಪಿ ಫೌಂಡೇಶನ್ ಅನ್ನೋ ದೊಡ್ಡ ಸಾಮೂಹಿಕ ಕಥಾಲೋಕದ 087ನೇ ಕಡತ. ಗೊತ್ತಿಲ್ಲದವರಿಗೆ ಚುಟುಕಾಗಿ: ವಿಚಿತ್ರ ವಸ್ತುಗಳನ್ನು ಹಿಡಿದು ಕೂಡಿಹಾಕುವ ಒಂದು ಗುಪ್ತ ಸಂಸ್ಥೆ ಇದೆ ಅಂತ ಅಂದುಕೊಂಡು, ಅದರ ಆಫೀಸ್ ಕಡತಗಳನ್ನು ಯಾರು ಬೇಕಾದರೂ ಬರೆಯಬಹುದಾದ ಆಟ. 2007ರಲ್ಲಿ ಫೋರ್‌ಚಾನ್‌ನಲ್ಲಿ ಅನಾಮಿಕನೊಬ್ಬ ಹಾಕಿದ ಒಂದೇ ಒಂದು ಬರಹದಿಂದ ಶುರುವಾಗಿದ್ದು, ಈಗ ಸಾವಿರಾರು ಕಡತಗಳಾಗಿವೆ. ಒಬ್ಬರ ಕಡತವನ್ನು ಆಧಾರ ಮಾಡಿಕೊಂಡು ಇನ್ನೊಬ್ಬರು ಬರೆಯಲು ಲೈಸೆನ್ಸೇ ಅನುಮತಿ ಕೊಡುತ್ತೆ.

ನಾನು ಸಾಫ್ಟ್‌ವೇರ್ ಎಂಜಿನಿಯರ್. ಈ ಕಡತಗಳು ನನಗೆ ಇಷ್ಟವಾಗಲು ಒಂದು ವೃತ್ತಿಸಹಜ ಕಾರಣ ಇದೆ. ಆನ್-ಕಾಲ್ ಇರುವಾಗ ರಾತ್ರಿ ಮೂರಕ್ಕೆ ಫೋನ್ ಬಡಿದುಕೊಂಡರೆ ನಾವು ತೆಗೆಯೋದು ಇಂಥದೇ ಒಂದು ದಾಖಲೆ. ಹೀಗಾದರೆ ಹೀಗೆ ಮಾಡು, ಈ ಸರ್ವರ್ ರೀಸ್ಟಾರ್ಟ್ ಮಾಡು, ಇದನ್ನು ಮಾತ್ರ ಮುಟ್ಟಬೇಡ. 'ಯಾಕೆ ಮುಟ್ಟಬಾರದು' ಅಂತ ಬರೆದಿರಲ್ಲ. ಬರೆದವರು ಕೆಲಸ ಬಿಟ್ಟು ಎರಡು ವರ್ಷ ಆಗಿರುತ್ತೆ. ಏನಾಗುತ್ತೆ ಅನ್ನೋದು ಅಂಕಿಅಂಶ ಸಮೇತ ಗೊತ್ತು, ಯಾಕಾಗುತ್ತೆ ಅನ್ನೋದು ಯಾರಿಗೂ ಗೊತ್ತಿಲ್ಲ. ಐಟಿಯವರಿಗೆ ಇದಕ್ಕಿಂತ ದೊಡ್ಡ ದೆವ್ವ ಬೇಡ.

ಹೆದರಿಸೋದು ಅಂದರೆ ಎಲ್ಲವನ್ನೂ ಮಬ್ಬಾಗಿಡೋದು ಅಂತ ಹೊಸಬರು ತಿಳಿದುಕೊಳ್ತಾರೆ. 'ಏನೋ ಒಂದು' ಬಂತು, 'ಹೇಳಲಾಗದ ಭೀಕರ' ಕಂಡಿತು, 'ಎಂಥದೋ' ವಾಸನೆ. ಓದುವವನ ಕೈಗೆ ಹಿಡಿಯಲು ಏನೂ ಸಿಗಲ್ಲ. ಒಳ್ಳೆಯ ಕಡತಗಳು ಪರಿಣಾಮವನ್ನು ಬಿಡಿಸಿ ಬಿಡಿಸಿ ಹೇಳ್ತವೆ, ಕಾರಣವನ್ನು ಮಾತ್ರ ನುಂಗಿಕೊಳ್ತವೆ. ಎಸ್‌ಸಿಪಿಯ ಮೊದಲ ಕಡತ, 173, ಇದಕ್ಕೆ ಪಾಠದಂತಿದೆ. ಕಾಂಕ್ರೀಟು, ಕಬ್ಬಿಣದ ಸರಳು, ಸ್ಪ್ರೇ ಪೇಂಟಿನಿಂದಾದ ಒಂದು ಪ್ರತಿಮೆ. ಯಾರಾದರೂ ನೋಡ್ತಿದ್ದರೆ ಅಲುಗಾಡಲ್ಲ. ದೃಷ್ಟಿ ತಪ್ಪಿದರೆ ಕುತ್ತಿಗೆ ಮುರಿಯುತ್ತೆ. ಹಾಗಾಗಿ ಅದರ ಕೋಣೆಗೆ ಹೋಗುವಾಗ ಕನಿಷ್ಠ ಮೂವರು ಇರಬೇಕು, ಕಣ್ಣು ಮಿಟುಕಿಸುವ ಮೊದಲು ಒಬ್ಬರಿಗೊಬ್ಬರು ಹೇಳಬೇಕು. ಎಲ್ಲಿಂದ ಬಂತು? ಗೊತ್ತಿಲ್ಲ. ಅದಕ್ಕೇನು ಬೇಕು? ಗೊತ್ತಿಲ್ಲ. ಆದರೆ ಆ ಮಿಟುಕಿಸುವ ನಿಯಮ ಓದಿದ ತಕ್ಷಣ ನಿಮಗೆ ನಿಮ್ಮದೇ ಕಣ್ಣಿನ ಮೇಲೆ ಗಮನ ಹೋಗುತ್ತೆ. ಈಗಲೂ ಹೋಯ್ತು, ಅಲ್ವಾ?

ಆ ಕಡತಕ್ಕೆ ಒಂದು ಫೋಟೋ ಇತ್ತು. ನಿಜದಲ್ಲಿ ಅದು ಇಜುಮಿ ಕಾಟೊ ಎಂಬ ಜಪಾನಿ ಕಲಾವಿದರ 2004ರ ಶಿಲ್ಪದ ಚಿತ್ರ. ಕಲಾವಿದರ ಹಕ್ಕು, ಅವರ ಕೃತಿಯ ಗೌರವ ಇವನ್ನೆಲ್ಲ ಯೋಚಿಸಿ 2022ರಲ್ಲಿ ಅದನ್ನು ತೆಗೆದುಹಾಕಿದರು. ಅದರ ಜಾಗಕ್ಕೆ ಬೇರೆ ಚಿತ್ರ ತರಲಿಲ್ಲ. ಹಳಬರು ಬೇಜಾರು ಮಾಡಿಕೊಂಡರು. ನನಗೆ ಮಾತ್ರ, ಈಗ ಹೊಸದಾಗಿ ಓದುವವರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚು. ಅವರವರ ಪ್ರತಿಮೆಯನ್ನು ಅವರವರೇ ಕಟ್ಟಿಕೊಳ್ಳಬಹುದು. ನನ್ನ ತಲೆಯಲ್ಲಿ ಆ ಒಂದೇ ಮುಖ ಕೂತುಬಿಟ್ಟಿದೆ.

ಹಾಗಂತ ಮುಚ್ಚಿಡೋದೇ ಕಲೆಯಲ್ಲ. ಈ ಕಡತಗಳಲ್ಲಿ ಕಪ್ಪು ಪಟ್ಟಿ ಬಳಿದು ಪದ ಮರೆಮಾಡುವ ಪದ್ಧತಿ ಇದೆ, ಸರಕಾರಿ ರಹಸ್ಯ ಪತ್ರಗಳ ಥರ. ಸೋಮಾರಿಗಳಿಗೆ ಇದು ಹಬ್ಬ. ಏನು ಬರೆಯಬೇಕೋ ತೋಚದಿದ್ದರೆ ಕಪ್ಪು ಬಳಿ! ನನ್ನ ಪ್ರಕಾರ ಪಟ್ಟಿಯ ಕೆಳಗೆ ಏನಿದೆ ಅಂತ ಓದುಗನಿಗೆ ಅಂದಾಜಾಗಬೇಕು, ಅಂದಾಜಾದ ಮೇಲೆ 'ಬೇಡಪ್ಪಾ' ಅನ್ನಿಸಬೇಕು. 'ಇಂತಿಷ್ಟು ಜನ ಸತ್ತರು' ಅನ್ನೋದರಲ್ಲಿ ಸಂಖ್ಯೆ ಮುಚ್ಚಿದರೆ ಯಾರಿಗೂ ಏನೂ ಆಗಲ್ಲ. 'ಒಳಗೆ ಹೋದವರು 4, ಹೊರಗೆ ಬಂದವರು 5' ಅಂತ ಎರಡೂ ಸಂಖ್ಯೆ ತೆರೆದಿಟ್ಟು ನೋಡಿ.

ಸ್ಟೀಫನ್ ಕಿಂಗ್ 1981ರ 'ಡಾನ್ಸ್ ಮಕಾಬ್ರ' ಪುಸ್ತಕದಲ್ಲಿ ಇದರ ಎದುರು ವಾದ ಹೂಡ್ತಾರೆ. ಬಾಗಿಲ ಹಿಂದೆ ಏನೋ ಕೆರೆಯುವ ಸದ್ದು. ತೆರೆದರೆ ಹತ್ತಡಿ ಎತ್ತರದ ಹುಳ. ಓದುಗ ಚೀರ್ತಾನೆ, ಆದರೆ ಒಳಗೊಳಗೇ ಸಮಾಧಾನ: ಸದ್ಯ, ನೂರಡಿ ಇರಬಹುದು ಅಂದುಕೊಂಡಿದ್ದೆ. ಹೀಗಾಗುತ್ತೆ ಅಂತ ಗೊತ್ತಿದ್ದೂ ಕಿಂಗ್‌ಗೆ ಬಾಗಿಲು ತೆರೆಯೋದೇ ಇಷ್ಟ. ಕೊನೆವರೆಗೂ ಮುಚ್ಚಿಡೋದು ಅವರ ಪ್ರಕಾರ ಸೋಲಿಗೆ ಹೆದರಿ ಡ್ರಾ ಮಾಡಿಕೊಂಡ ಹಾಗೆ. ಒಬ್ಬರೇ ಬರೆಯುವ ಕಾದಂಬರಿಗೆ ಈ ಮಾತು ಸರಿ ಇರಬಹುದು. ಹತ್ತಾರು ಜನ ಸೇರಿ ಬರೆಯುವಾಗ ಬಾಗಿಲು ಒಬ್ಬನ ಆಸ್ತಿ ಅಲ್ಲ. ನೀನು ತೆರೆದು ಹುಳ ತೋರಿಸಿದೆ ಅಂದರೆ, ನಾಳೆ ಬರೆಯಬೇಕಿದ್ದ ಹತ್ತು ಜನಕ್ಕೂ ಅದೇ ಹುಳ ಗತಿ.

ಸ್ಲೆಂಡರ್ ಮ್ಯಾನ್ ಹುಟ್ಟಿದ್ದು 2009ರ ಜೂನ್ 10ರಂದು. ಎರಿಕ್ ನುಡ್ಸನ್ ಎಂಬಾತ ಎರಡು ಕಪ್ಪು-ಬಿಳುಪು ಫೋಟೋ ತಿದ್ದಿ, ಮಕ್ಕಳ ಹಿಂದೆ ಅಸಹಜ ಉದ್ದದ ಒಬ್ಬ ಮನುಷ್ಯನನ್ನು ನಿಲ್ಲಿಸಿ, ಕೆಳಗೆ ಒಂದೆರಡು ಸಾಲಿನ ಟಿಪ್ಪಣಿ ಬರೆದ. ಅಷ್ಟೇ. ಮುಖವಿಲ್ಲದ ಆಕೃತಿಗೆ ಜಗತ್ತಿನ ಅಪರಿಚಿತರೆಲ್ಲ ಸೇರಿ ತಮ್ಮ ತಮ್ಮ ಭಯ ತೊಡಿಸಿದರು. 2018ರಲ್ಲಿ ಹಾಲಿವುಡ್ ಅವನನ್ನು ದೊಡ್ಡ ಪರದೆ ಮೇಲೆ ತಂದು ನಿಲ್ಲಿಸಿತು. ವಿಮರ್ಶಕರು ಹಿಗ್ಗಾಮುಗ್ಗಾ ಬೈದರು.

ಬ್ಯಾಕ್‌ರೂಮ್ಸ್ ಕಥೆ ಇನ್ನೂ ಮಜಾ ಇದೆ. 2019ರಲ್ಲಿ ಒಂದು ಹಳದಿ ಗೋಡೆಯ ಖಾಲಿ ಕೋಣೆಯ ಫೋಟೋ, ಜೊತೆಗೆ ಒಂದು ಪ್ಯಾರಾ: ವಾಸ್ತವದ ಗೋಡೆ ದಾಟಿ ಇಲ್ಲಿ ಬಿದ್ದರೆ ಒದ್ದೆ ಕಾರ್ಪೆಟ್ ವಾಸನೆ, ಟ್ಯೂಬ್‌ಲೈಟಿನ ಗುಂಯ್ ಸದ್ದು, ಕೊನೆಯಿಲ್ಲದ ಕೋಣೆಗಳು. ಅಲ್ಲಿ ಏನಾದರೂ ಓಡಾಡುವ ಸದ್ದು ಕೇಳಿದರೆ ಅದಕ್ಕೆ ನಿಮ್ಮ ಸದ್ದೂ ಕೇಳಿರುತ್ತೆ ಅನ್ನೋ ಸೂಚನೆ. ಆಮೇಲೆ ಬಂದವರು ಅದಕ್ಕೆ ಮಹಡಿ ಕಟ್ಟಿದರು. ಒಂದನೇ ಲೆವೆಲ್, ಎರಡನೇ ಲೆವೆಲ್, ಪ್ರತಿ ಲೆವೆಲ್ಲಿಗೂ ಪ್ರಾಣಿಗಳ ಪಟ್ಟಿ, ಹೆಸರು, ಹೇಗೆ ತಪ್ಪಿಸಿಕೊಳ್ಳಬೇಕು ಅನ್ನೋ ಗೈಡ್. ಓದ್ತಾ ಓದ್ತಾ ಬನ್ನೇರುಘಟ್ಟಕ್ಕೆ ಹೋದ ಹಾಗಾಗುತ್ತೆ. ವಿಚಿತ್ರ ಅಂದರೆ, 2024ರಲ್ಲಿ ಆ ಫೋಟೋದ ಮೂಲ ಸಿಕ್ಕಿಯೇ ಬಿಟ್ಟಿತು: ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಆಶ್‌ಕಾಶ್ ಊರಿನ ಒಂದು ಅಂಗಡಿ, 2002ರ ರಿಪೇರಿ ಸಮಯದಲ್ಲಿ ತೆಗೆದದ್ದು. ವಿಳಾಸ ಸಮೇತ ಗೊತ್ತಾದರೂ ನನಗೆ ಫೋಟೋ ನೋಡಿದರೆ ಹೊಟ್ಟೆಯಲ್ಲಿ ಅದೇ ಕಸಿವಿಸಿ. ಪ್ರಾಣಿ ಪಟ್ಟಿ ಕೆಡಿಸಿದ್ದನ್ನು ವಿಳಾಸ ಕೆಡಿಸಲಿಲ್ಲ. ವಿಳಾಸ ಹೇಳೋದು ಎಲ್ಲಿ ಅಂತ ಮಾತ್ರ. ಅಲ್ಲಿ ಕಾಯ್ತಿರೋದು ಏನು ಅಂತ ಅಲ್ಲ.

ಇದೆಲ್ಲ ಹೊರಗಿನವರ ಆಟ ಅನ್ನಬೇಡಿ. 1990ರ ದಶಕದ ಬೆಂಗಳೂರಿನ 'ನಾಳೆ ಬಾ' ನೆನಪಿಸಿಕೊಳ್ಳಿ, ಅಥವಾ ಮನೆಯಲ್ಲಿ ಅಮ್ಮನನ್ನು ಕೇಳಿ. ರಾತ್ರಿ ಯಾರೋ ಬಾಗಿಲು ತಟ್ಟಿ ಮನೆಯವರದೇ ದನಿಯಲ್ಲಿ ಕರೀತಾರೆ. ತೆರೆದರೆ ಕಥೆ ಮುಗೀತು. ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿದ್ದರೆ ಓದಿಕೊಂಡು ವಾಪಸ್ ಹೋಗುತ್ತೆ, ನಾಳೆ ಬಂದು ಮತ್ತೆ ಓದುತ್ತೆ. ಅದು ಯಾರು? ಗಂಡನನ್ನು ಹುಡುಕೋ ಮದುಮಗಳು ಅಂತ ಒಂದು ಬೀದಿ, ಮಾಟಗಾತಿ ಅಂತ ಇನ್ನೊಂದು ಬೀದಿ. ಮುಖ ಯಾರೂ ನೋಡಿಲ್ಲ. ಆದರೆ ಏನು ಬರೆಯಬೇಕು, ಎಲ್ಲಿ ಬರೆಯಬೇಕು ಅನ್ನೋದರಲ್ಲಿ ಗೊಂದಲವೇ ಇಲ್ಲ. ಎಸ್‌ಸಿಪಿ ಹುಟ್ಟುವ ಎಷ್ಟೋ ಮೊದಲೇ ನಮ್ಮವರು ಸೀಮೆಸುಣ್ಣದಲ್ಲಿ ಕಡತ ಬರೆದಿದ್ದರು. 2018ರ ಹಿಂದಿ ಸಿನಿಮಾ 'ಸ್ತ್ರೀ' ಎತ್ತಿಕೊಂಡಿದ್ದೂ ಇದನ್ನೇ.

ಈ ಜನ್ಮಸಂಬಂಧದ ಧೈರ್ಯದ ಮೇಲೆ ನಾವು ನಾಲ್ವರು ಗೆಳೆಯರು ಹೋದ ವರ್ಷದಿಂದ ಒಂದು ಗೂಗಲ್ ಡಾಕ್‌ನಲ್ಲಿ ಕಥೆ ಬರೀತಿದ್ದೀವಿ. ಔಟರ್ ರಿಂಗ್ ರೋಡ್ ಆಚೆಯ ಒಂದು ಅಪಾರ್ಟ್‌ಮೆಂಟಿನ ಲಿಫ್ಟ್ ರಿಪೇರಿ ರಿಜಿಸ್ಟರ್ ಅದು. ಸೆಕ್ಯುರಿಟಿಯವರು, ಲಿಫ್ಟ್ ಮೆಕ್ಯಾನಿಕ್ಕು, ಅಸೋಸಿಯೇಷನ್ ಸೆಕ್ರೆಟರಿ ಬರೆದ ನಮೂದುಗಳು ಮಾತ್ರ. ಕಟ್ಟಡಕ್ಕೆ ಎರಡೇ ಬೇಸ್‌ಮೆಂಟ್. ಲಿಫ್ಟ್ ಕೆಲವು ರಾತ್ರಿ ಮೈನಸ್ 3 ತೋರಿಸುತ್ತೆ.

ಆರು ತಿಂಗಳು ಚೆನ್ನಾಗಿ ನಡೀತು. ಆಮೇಲೆ ನಮ್ಮ ಹುಬ್ಬಳ್ಳಿ ಗೆಳೆಯ ಒಂದು ಪುಟ ಸೇರಿಸಿದ. ಅವನು ಐಟಿಗೆ ಬರುವ ಮುಂಚೆ ಎರಡು ವರ್ಷ ಸೈಟ್ ಎಂಜಿನಿಯರ್ ಆಗಿದ್ದವನು. ಬೇಸ್‌ಮೆಂಟ್ ಅಗೆಯುವಾಗ ಮಣ್ಣು ಕುಸಿದು ಒಬ್ಬ ಕೂಲಿ ಸತ್ತ, ಕಂಟ್ರಾಕ್ಟರು ಹಾಜರಿ ಪುಸ್ತಕದಿಂದ ಅವನ ಹೆಸರನ್ನೇ ತೆಗೆಸಿದ, ಈಗ ಅವನ ಆತ್ಮ ಲಿಫ್ಟನ್ನು ಕೆಳಗೆಳೀತಿದೆ ಅಂತ ಪೂರ್ತಿ ವಿವರಣೆ. ಮಂಗಳೂರಿನ ಗೆಳತಿ ರಾತ್ರೋರಾತ್ರಿ ಅಷ್ಟನ್ನೂ ಡಿಲೀಟ್ ಮಾಡಿದಳು. "ಎಂತ ಮಾರಾಯ, ಇದು ದೆವ್ವದ ಕಥೆಯಾ, ಪೇಪರ್ ನ್ಯೂಸಾ?"

ಅವನಿಗೆ ಸಿಟ್ಟು ಬಂತು. "ನಿಮಗೆಲ್ಲ ಕತ್ತಲಿ ಬೇಕು. ನನಗ ಆ ಮನಷ್ಯಾನ ಹೆಸರು ಬೇಕು. ಸತ್ತಾಂವಗ ಹೆಸರರ ಇರ್ಲಿ."

ನಾನು ಈ ಲೇಖನ ಬರೆಯಲು ನಿಜವಾದ ಕಾರಣ ಇದೇ ಮಾತು. ಸೂಚ್ಯವಾಗಿ ಹೇಳಬೇಕು, ಓದುಗನ ಕಲ್ಪನೆಗೆ ಬಿಡಬೇಕು ಅಂತ ನಾವು ಹೇಳ್ತಾನೇ ಇರ್ತೀವಿ. ಆದರೆ ಕಥೆಯಲ್ಲಿ ಕಪ್ಪು ಪಟ್ಟಿ ಬಳಿದರೆ ಅದು ರೋಮಾಂಚನ, ಹಾಜರಿ ಪುಸ್ತಕದಲ್ಲಿ ಬಳಿದರೆ ಅದು ಅಪರಾಧ. ಎರಡಕ್ಕೂ ಒಂದೇ ಮಸಿ ಬಳಸಿದರೆ ನಾವೂ ಆ ಕಂಟ್ರಾಕ್ಟರಿನ ಕೆಲಸವನ್ನೇ ಮಾಡಿದ ಹಾಗಲ್ಲವಾ? ಅದೇ ಹೊತ್ತಿಗೆ ಅವಳ ಮಾತೂ ಖರೆ: 'ಆತ್ಮ ಕೆಳಗೆಳೀತಿದೆ' ಅಂದ ಕ್ಷಣ ಮೈನಸ್ 3 ಒಂದು ಪಾರ್ಕಿಂಗ್ ಮಹಡಿ ಆಗಿಬಿಡುತ್ತೆ.

ಮೂರು ವಾರ ಜಗಳಾಡಿ ನಾನೊಂದು ದಾರಿ ಸೂಚಿಸಿದೆ. ಆತ್ಮದ ಸಾಲು ಹೋಗಲಿ. ಹಾಜರಿ ಪುಸ್ತಕದ ಆ ಪುಟ ಮಾತ್ರ ಇರಲಿ, ಒಂದಕ್ಷರವೂ ಮುಚ್ಚದೆ. ಆ ಮನುಷ್ಯನ ಪೂರ್ತಿ ಹೆಸರು, ಊರು, ದಿನಗೂಲಿ 450 ರೂಪಾಯಿ, ಪ್ರತಿ ದಿನದ ಮುಂದೆ ಹೆಬ್ಬೆಟ್ಟಿನ ಗುರುತು. ಹದಿನೇಳನೇ ತಾರೀಖಿನವರೆಗೆ. ಹದಿನೆಂಟರಿಂದ ಅದೇ ಸಾಲಿನಲ್ಲಿ ಬೇರೆ ಯಾರದೋ ಹೆಸರು, ಬೇರೆ ಹೆಬ್ಬೆಟ್ಟು. ಈ ಪುಟ ಲಿಫ್ಟ್ ರಿಜಿಸ್ಟರಿಗೆ ಯಾಕೆ ಪಿನ್ ಮಾಡಿದ್ದಾರೆ ಅಂತ ಯಾರೂ ಬರೆಯುವಂತಿಲ್ಲ.

ಅವಳು ಒಪ್ಪಿದಳು. ಅವನು ಅರ್ಧ ಒಪ್ಪಿದ. "ಓದೋರು ಜೋಡಿಸ್ಕೊಳ್ಳಿಲ್ಲಂದ್ರ?" ಅಂದ. ನ್ಯಾಯವಾದ ಪ್ರಶ್ನೆ. ಅವನ ಹಳೇ ಸೈಟಿನಲ್ಲಿ ಏನು ನಡೆದಿತ್ತು ಅಂತ ಅವನು ಹೇಳಿಲ್ಲ, ನಾವೂ ಕೇಳಿಲ್ಲ.

ಪರೀಕ್ಷೆಗೆ ಅಂತ ನಮ್ಮ ಅಕ್ಕನಿಗೆ ಡಾಕ್ ಕಳಿಸಿದೆ. ಅವಳು ಹಾರರ್ ಅಂದರೆ ಮಾರುದೂರ. ಎರಡು ದಿನ ಬಿಟ್ಟು ಫೋನ್ ಮಾಡಿದಳು. ಲಿಫ್ಟಿನ ಬಗ್ಗೆ, ಮೈನಸ್ 3 ಬಗ್ಗೆ ಏನೂ ಕೇಳಲಿಲ್ಲ. "ಲೋ, ಆ ಹದಿನೇಳನೇ ತಾರೀಖಿನವನ ಮನೆಯವರಿಗೆ ಯಾರಾದ್ರೂ ಹೇಳಿದ್ರೇನೋ?" ಅಂದಳು.

ಈಗ ಅದಕ್ಕೆ ಉತ್ತರ ಬರೆಯಬೇಕೋ ಬೇಡವೋ ಅಂತ ನಾಲ್ವರೂ ಮತ್ತೆ ಜಗಳಕ್ಕೆ ಬಿದ್ದಿದ್ದೀವಿ.