ಬಯಲು ಸೆರೆಮನೆಯೂ ನಮ್ಮ ಜಿಲ್ಲೆಯೂ

ಹಿರಿಯಡಕದ ಕಾರಾಗೃಹವನ್ನು ಉಡುಪಿ-ಕಾರ್ಕಳಗಳ ನಮ್ಮ ವಾಚಕರು ಬಲ್ಲರು. ದೀರ್ಘಶಿಕ್ಷೆಗೆ ಗುರಿಯಾದ ಕಾಪುವಿನವನಾಗಲಿ ಕಾರ್ಕಳದವನಾಗಲಿ ಘಟ್ಟದ ಮೇಲಣ ಕೇಂದ್ರ ಕಾರಾಗೃಹವನ್ನು ಸೇರಬೇಕು. ಅಲ್ಲಿ ಆತನು ಸನ್ನಡತೆಯಿಂದ ವರ್ಷಗಳನ್ನು ಕಳೆಯುತ್ತ, ದೇವನಹಳ್ಳಿ ತಾಲೂಕಿನ ಕೋರಮಂಗಲದ ಬಯಲು ಬಂದೀಖಾನೆಗೆ ಆರಿಸಲ್ಪಡುವ ದಿನವನ್ನು ಎದುರುನೋಡುತ್ತಾನೆ. 1971ರಲ್ಲಿ ಸ್ಥಾಪಿತವಾದ ಅಲ್ಲಿ ಕೈದಿಯು ಬೇಸಾಯದಲ್ಲಿ ದುಡಿದು ಕೂಲಿ ಪಡೆಯುತ್ತಾನೆ. ತಪ್ಪಿಸಿಕೊಂಡರೆ ಮರಳಿ ಎತ್ತರದ ಗೋಡೆಯೇ ಗತಿಯೆಂಬುದನ್ನೂ ಅರಿತಿರುತ್ತಾನೆ. ಔಂಧ ಸಂಸ್ಥಾನದವರು ಸ್ವಾತಂತ್ರ್ಯಕ್ಕೆ ಮೊದಲೇ ಸ್ವತಂತ್ರಪುರದಲ್ಲಿ ಇಂಥ ಪ್ರಯೋಗವನ್ನು ನಡೆಸಿದ್ದರು. ಶಾಂತಾರಾಮರ 1957ರ ಹಿಂದೀ ಚಿತ್ರಕ್ಕೆ ಅದುವೇ ಮೂಲ.

ಬೆಂಗಳೂರಿನ ಕೇಂದ್ರ ಕಾರಾಗೃಹದ ಕೈದಿಯೊಬ್ಬನ ಪತ್ರದಿಂದ ಹುಟ್ಟಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, 1996ರ ತೀರ್ಪಿನಲ್ಲಿ, ಬಯಲು ಸೆರೆಮನೆಗಳನ್ನು ವಿಸ್ತರಿಸುವ ವಿಚಾರವನ್ನು ಸರಕಾರಗಳ ಮುಂದಿಟ್ಟಿತು. ಆದರೆ ಉಡುಪಿಯಿಂದ ಕೋರಮಂಗಲಕ್ಕೆ ಸುಮಾರು 400 ಕಿಲೋಮೀಟರು. ಕಾಪುವಿನ ಮುದಿ ತಾಯಿಯೊಬ್ಬಳು ಮಗನ ಮುಖ ನೋಡಲು ಎಷ್ಟು ಸಲ ಘಟ್ಟ ಹತ್ತಿಯಾಳು? ಗದ್ದೆ-ತೋಟದ ಕೆಲಸ ಬಲ್ಲ ಕೈಗಳಿಗೆ ಕಾರ್ಕಳದ ಕಡೆ ಹತ್ತಾರು ಎಕರೆ ಸರಕಾರೀ ಭೂಮಿ ದೊರೆಯಲಾರದೆ? ನೆರೆಯವರು ಅಂಜುವರು, ದಿಟ. ಅವರೊಡನೆ ಮೊದಲೇ ಮಾತಾಡಬೇಕು. ಮಣಿಪಾಲದ ಜಿಲ್ಲಾ ಕಚೇರಿಯಿಂದ ಸರಕಾರಕ್ಕೆ ಈ ಬಗ್ಗೆ ಒಂದು ಪ್ರಸ್ತಾವವು ಹೋಗಬೇಕೆಂದು ನಾವು ಕೋರುತ್ತೇವೆ.